ಎರಡೇ ನಿಮಿಷದ ವಿಮಾನ

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿವೆ. ಅಲ್ಲಿ ವೆಸ್ಟ್ರೇ, ಪಾಪಾ ವೆಸ್ಟ್ರೇ ಅನ್ನೋ ಎರಡು ಪುಟ್ಟ ದ್ವೀಪಗಳ ನಡುವೆ ವಿಮಾನ ಓಡಾಡುತ್ತದೆ. ದೂರ ಬರೀ 2.7 ಕಿಲೋಮೀಟರ್! ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದ ಒಂದು ರನ್‌ವೇನೇ 4 ಕಿಲೋಮೀಟರ್ ಉದ್ದ ಇದೆ, ಅಂದರೆ ಅವರ ಇಡೀ ಪ್ರಯಾಣ ನಮ್ಮ ರನ್‌ವೇ ಮೇಲೆ ಮುಗಿದು ಇನ್ನೂ ಜಾಗ ಮಿಗುತ್ತದೆ. ವೇಳಾಪಟ್ಟಿಯಲ್ಲಿ 2 ನಿಮಿಷ ಅಂತಿದೆ. ಗಾಳಿ ಚೆನ್ನಾಗಿದ್ದರೆ ಅದಕ್ಕೂ ಬೇಗ, ದಾಖಲೆ 53 ಸೆಕೆಂಡ್.

ಇವತ್ತು ಹೆಬ್ಬಾಳ ಫ್ಲೈಓವರ್ ಮೇಲೆ ವಾಯು ವಜ್ರ ಬಸ್ಸು ಅಲ್ಲಾಡದೆ ನಿಂತಿದ್ದಾಗ ಇದೇ ತಲೆಯಲ್ಲಿ ಓಡುತ್ತಿತ್ತು. ಅಷ್ಟು ಹತ್ತಿರಕ್ಕೆ ವಿಮಾನ ಯಾಕೆ ಅಂತ ಮೊದಲು ಅನಿಸುತ್ತೆ, ಅಲ್ವಾ? ಆದರೆ ನಡುವೆ ಇರೋದು ರಸ್ತೆಯಲ್ಲ, ಸಮುದ್ರ. ದೋಣಿ ಇದೆ, ಅದಕ್ಕೆ ಹವಾಮಾನ ಒಪ್ಪಬೇಕು. ಪಾಪಾ ವೆಸ್ಟ್ರೇಯಲ್ಲಿ ಇರೋದು ನೂರರೊಳಗಿನ ಜನ. ಅವರಿಗೋಸ್ಕರ 1967ರಿಂದ ಈ ಹಾರಾಟ ನಡೆಯುತ್ತಿದೆ, ಸರ್ಕಾರದ ದುಡ್ಡಿನ ಆಸರೆಯಲ್ಲಿ. ಐಲ್ಯಾಂಡರ್ ಅನ್ನೋ ಚಿಕ್ಕ ವಿಮಾನ, ಎರಡು ರೆಕ್ಕೆಗೂ ಒಂದೊಂದು ಫ್ಯಾನು, ಜಾಗ ಇದ್ದರೆ ಪೈಲಟ್ ಪಕ್ಕದ ಸೀಟಲ್ಲೂ ಪ್ರಯಾಣಿಕರು ಕೂರುತ್ತಾರೆ. ಮೇಷ್ಟ್ರು, ಡಾಕ್ಟರು, ಆಸ್ಪತ್ರೆಗೆ ಹೋಗೋ ರೋಗಿಗಳು ಎಲ್ಲರೂ ಇದರಲ್ಲಿ ಓಡಾಡಿದವರೇ.

ಅಷ್ಟು ಕಡಿಮೆ ಜನರಿಗೆ ಇಷ್ಟೊಂದು ಯಾಕೆ ಅಂತ ಕೇಳೋರು ಇರಬಹುದು. ನನಗಂತೂ ಅದು ತುಂಬಾ ಇಷ್ಟವಾಯಿತು. ನಮ್ಮ ಮಲೆನಾಡಿನ ಹೊಳೆಯಾಚೆಯ ಊರುಗಳಿಗೆ ಮಳೆಗಾಲದಲ್ಲಿ ಇಂಥದ್ದೇ ಕಾಳಜಿ ಬೇಕು.