ಕ್ಯೂಬಾದ ಸಿನಿಮಾ: ಕಥೆ ಬಿಟ್ಟು ಹಿನ್ನೆಲೆ ನೋಡಿ

ಕ್ಯೂಬಾದ ದಿನನಿತ್ಯದ ಬದುಕು ನೋಡಬೇಕೆಂದರೆ ‘ಫ್ರೆಸಾ ಇ ಚೊಕೊಲಾತೆ’ (ಸ್ಟ್ರಾಬೆರಿ ಮತ್ತು ಚಾಕೊಲೇಟ್) ಎಂಬ ಸಿನಿಮಾವನ್ನು ಎರಡು ಸಲ ನೋಡಬೇಕು. ಮೊದಲ ಸಲ ಕಥೆಗಾಗಿ. ಎರಡನೇ ಸಲ ಸಬ್‌ಟೈಟಲ್ ತೆಗೆದುಬಿಡಿ. ಕಣ್ಣು ತಾನಾಗಿ ಪಾತ್ರಗಳ ಬೆನ್ನ ಹಿಂದಕ್ಕೆ ಹೋಗುತ್ತದೆ.

ಒಂದು ಮಾತು ಮೊದಲೇ. ಕಥೆ ನಡೆಯುವುದು 1979ರಲ್ಲಿ, ಸಿನಿಮಾ ಬಂದದ್ದು 1993ರಲ್ಲಿ. ಈ ನಡುವೆ 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು, ಅದರ ನೆರವು ನಿಂತು, ರಾಜಧಾನಿ ಹವಾನಾದಲ್ಲಿ ಎಣ್ಣೆ, ಸೋಪು, ಪೆಟ್ರೋಲ್ ಎಲ್ಲಕ್ಕೂ ತತ್ವಾರವಾಯಿತು. ತೆರೆಯ ಮೇಲೆ ಗಾರೆ ಉದುರಿದ ಗೋಡೆ ಕಂಡಾಗ ಅದನ್ನು ಪೂರ್ತಿ 79ರ ಲೆಕ್ಕಕ್ಕೆ ಬರೆಯಬೇಡಿ.

ಕಥೆಯ ಮುಖ್ಯ ಪಾತ್ರಗಳಾದ ದಿಯೇಗೊ, ದಾವೀದ್ ಇಬ್ಬರೂ ಭೇಟಿಯಾಗುವುದು ಹವಾನಾದ ವೆದಾದೊ ಬಡಾವಣೆಯ ಕೊಪೇಲಿಯಾದಲ್ಲಿ. 1966ರಲ್ಲಿ ಶುರುವಾದ ಸರ್ಕಾರಿ ಐಸ್‌ಕ್ರೀಮ್ ಅಂಗಡಿ ಅದು. ಉದ್ದದ ಕ್ಯೂಗೇ ಹೆಸರುವಾಸಿ. ಕ್ಯೂಬಾದ ಕ್ಯೂ ನೋಡಿದರೆ ಕ್ಯೂ ಅನ್ನಿಸುವುದೇ ಇಲ್ಲ, ಜನ ನೆರಳು ಕಂಡಲ್ಲಿ ಚೆದುರಿ ನಿಂತಿರುತ್ತಾರೆ. ಹೊಸದಾಗಿ ಬಂದವರು ‘ಕೊನೆಯವರು ಯಾರು?’ ಎಂದು ಕೂಗಿ ಕೇಳುತ್ತಾರೆ, ಕೈ ಎತ್ತಿದವರ ಮುಖ ನೆನಪಿಟ್ಟುಕೊಳ್ಳುತ್ತಾರೆ. ಬಲ್ಲವರು ಇನ್ನೊಂದು ಪ್ರಶ್ನೆಯನ್ನೂ ಸೇರಿಸುತ್ತಾರೆ: ‘ನೀವು ಯಾರ ಹಿಂದೆ?’ ಮುಂದಿನವರು ಬೇಸತ್ತು ಮನೆಗೆ ಹೋದರೆ ಸರದಿಯ ಕೊಂಡಿ ಕಳಚುತ್ತದೆ, ಜಗಳ ಹುಟ್ಟುವುದು ಅಲ್ಲೇ.

ದಿಯೇಗೊನ ನೆರೆಮನೆಯ ನಾನ್ಸಿಯನ್ನು ಗಮನಿಸಿ. ನೆರೆಹೊರೆಯವರ ಮೇಲೆ ಕಣ್ಣಿಡುವ ಬೀದಿ ಸಮಿತಿಯ ಪರವಾಗಿ ಕಾವಲು ಕಾಯುವವಳೂ ಅವಳೇ, ಕದ್ದುಮುಚ್ಚಿ ಸಾಮಾನು ಮಾರುವವಳೂ ಅವಳೇ. 1962ರಿಂದ ಜಾರಿಯಲ್ಲಿರುವ ರೇಷನ್ ಪುಸ್ತಕ ತಿಂಗಳು ಪೂರ್ತಿ ಸಾಲದಿದ್ದರೆ ಇಂಥವರು ಪ್ರತಿ ಬೀದಿಯಲ್ಲೂ ಬೇಕಾಗುತ್ತಾರೆ. ದಿಯೇಗೊನ ಹಳೇ ಫ್ರಿಜ್ಜಿಗೆ ರೊಕ್ಕೊ ಎಂಬ ಹೆಸರೂ ಇದೆ. ಬಿಡಿಭಾಗ ಸಿಗದ ಊರಲ್ಲಿ ಯಂತ್ರವನ್ನು ಮುದ್ದು ಮಾಡದೆ ವಿಧಿಯಿಲ್ಲ!

ಇನ್ನು ಕಾಫಿ. ದಿಯೇಗೊ ಬೇಕೆಂದೇ ದಾವೀದನ ಅಂಗಿಯ ಮೇಲೆ ಚೆಲ್ಲುವ ಆ ಪುಟ್ಟ ಕಪ್ಪಿನಲ್ಲಿರುವಂಥದ್ದನ್ನು ಮಾಡುವುದು ಒಲೆಯ ಮೇಲಿಡುವ ಅಲ್ಯೂಮಿನಿಯಂ ಮೋಕಾ ಪಾತ್ರೆಯಲ್ಲಿ. ಕೆಳಗಿನ ಪಾತ್ರೆಗೆ, ಹೆಚ್ಚಾದ ಉಗಿ ಹೊರಬಿಡುವ ವಾಲ್ವ್‌ಗಿಂತ ತುಸು ಕೆಳಗಿನವರೆಗೆ ನೀರು. ನಡುವಿನ ಜರಡಿಗೆ ಪುಡಿಯನ್ನು ಒತ್ತದೆ ತುಂಬಬೇಕು. ಉರಿ ಸಣ್ಣದಿರಲಿ. ಲೋಟದಲ್ಲಿ ಎರಡು ಮೂರು ಚಮಚ ಸಕ್ಕರೆ ಹಾಕಿಟ್ಟು, ಮೊದಲು ಉಕ್ಕಿ ಬರುವ ಗಟ್ಟಿ ಡಿಕಾಕ್ಷನ್ನಿನಲ್ಲಿ ಒಂದು ಚಮಚವನ್ನಷ್ಟೇ ಸಕ್ಕರೆಗೆ ಬಿಟ್ಟು, ಬಿಳಿಚಿ ನೊರೆಯಾಗುವ ತನಕ ಕಡೆಯಬೇಕು. ಡಿಕಾಕ್ಷನ್ ಹೆಚ್ಚಾದರೆ ಸಕ್ಕರೆ ಪಾಕವಾಗುತ್ತದೆ, ನೊರೆ ಕಟ್ಟುವುದಿಲ್ಲ. ಉಳಿದ ಕಾಫಿಯನ್ನು ಆಮೇಲೆ ನಿಧಾನಕ್ಕೆ ಸುರಿದರೆ ನೊರೆ ಮೇಲೇಳುತ್ತದೆ.

ರೇಷನ್ ಕಾಫಿಯಲ್ಲಿ ಹುರಿದ ಬಟಾಣಿ ಪುಡಿ ಬೆರೆತಿರುತ್ತದೆ. ಅದು ನೀರು ಕುಡಿದು ಉಬ್ಬಿ ಜರಡಿಗೆ ಮೆತ್ತಿಕೊಳ್ಳುತ್ತದೆ. ವಾಲ್ವ್ ಕೂಡ ಕಟ್ಟಿಕೊಂಡಿದ್ದರೆ ಪಾತ್ರೆಯೇ ಸಿಡಿಯಬಹುದು. ಅಂಥ ಪುಡಿಯಿದ್ದಾಗ ಜರಡಿಯನ್ನು ಅಂಚಿನವರೆಗೆ ತುಂಬಬಾರದು, ವಾಲ್ವನ್ನು ಪ್ರತಿ ಸಲ ತೊಳೆದಿಡಬೇಕು.