ಆ ಪಂಚೆಗೆ ಯಾವ ಬಿಳಿ ಹಾಕಿದ್ರಿ?

ತುಮಕೂರಿನ ನಮ್ಮ ಮನೆಯ ಹಾಲ್‌ನಲ್ಲಿ ನಾನೇ ಬರೆದ ಒಂದು ವಾಟರ್ ಕಲರ್ ಚಿತ್ರ ಇದೆ. ದೇವರಾಯನದುರ್ಗದ ಕಾಡು. ಬೇಸಿಗೆಯ ಒಣ ಹುಲ್ಲು, ಎಲೆ ಉದುರಿಸಿದ ಮರಗಳು, ಕಪ್ಪು ಬಂಡೆ. ಬಂಡೆಯ ಮುಂದೆ ಕೋಲು ಊರಿಕೊಂಡು ನಿಂತ ಕುರಿ ಕಾಯುವವನು, ಹೆಬ್ಬೆರಳಿನಷ್ಟು ಎತ್ತರ. ಬಂದವರೆಲ್ಲ ಕಾಫಿ ಲೋಟ ಹಿಡಿದು ಅದರ ಮುಂದೆ ನಿಲ್ಲುತ್ತಾರೆ. ಆಮೇಲೆ ಅದೇ ಪ್ರಶ್ನೆ. "ಪಂಚೆ ಎಷ್ಟು ಬೆಳ್ಳಗಿದೆ! ಯಾವ ಬಿಳಿ ಹಾಕಿದ್ರಿ?"

ಯಾವ ಬಿಳೀನೂ ಹಾಕಿಲ್ಲ. ಅದು ಬರೀ ಹಾಳೆ.

ವಾಟರ್ ಕಲರ್ ತೆಳು ಬಣ್ಣ ಅಲ್ವಾ, ಬೆಳಕು ಅದರೊಳಗೆ ಹಾದು, ಹಾಳೆಗೆ ತಗುಲಿ ವಾಪಸ್ ಬರುತ್ತದೆ. ಬಣ್ಣವೇ ತಾಗದ ಜಾಗ ಎಲ್ಲಕ್ಕಿಂತ ಬೆಳ್ಳಗೆ ಕಾಣುತ್ತದೆ. ಎಣ್ಣೆ ಬಣ್ಣದಲ್ಲಾದರೆ ಕಾಡು ಮುಗಿಸಿ, ಅದರ ಮೇಲೆ ಮನುಷ್ಯನನ್ನು ನಿಲ್ಲಿಸಬಹುದು. ಇಲ್ಲಿ ಅವನಿಗೆ ಮೊದಲೇ ಜಾಗ ಬಿಟ್ಟು, ಸುತ್ತಲೂ ಕಾಡು ಬೆಳೆಸಬೇಕು.

ಬಿಳಿ ಟ್ಯೂಬ್ ಸಿಗಲ್ಲ ಅಂತಲ್ಲ. ಚೈನೀಸ್ ವೈಟ್ 1834ರಿಂದಲೂ ಇದೆ. ಹೆಸರಿಗಷ್ಟೇ ಚೀನಾ, ಸತುವಿನಿಂದ ಅದನ್ನು ಮಾಡಿದ್ದು ಲಂಡನ್ನಿನ ವಿನ್ಸರ್ ಅಂಡ್ ನ್ಯೂಟನ್ ಅನ್ನೋ ಬಣ್ಣದ ಕಂಪನಿ. ಮೊದಲ ಸಲ ನಾನೂ ಅದನ್ನೇ ಬಳಿದೆ. ಪಂಚೆ ಸುಣ್ಣ ಹೊಡೆದ ಗೋಡೆಯ ಹಾಗಾಯಿತು. ಆ ಹಾಳೆಯ ಹಿಂದೆ ಈಗ ಹಾಲಿನ ಲೆಕ್ಕ ಇದೆ.

ನಿಜ ಹೇಳಬೇಕೆಂದರೆ ಅವನ ಪಂಚೆ ಬೆಳ್ಳಗಿರಲಿಲ್ಲ. ಚೆನ್ನಾಗಿಯೇ ಮಾಸಿತ್ತು. ಆದರೆ ಮಧ್ಯಾಹ್ನದ ಬಿಸಿಲಲ್ಲಿ, ಆ ಕಪ್ಪು ಬಂಡೆಯ ಮುಂದೆ, ಕಣ್ಣು ಕುಕ್ಕುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ ಅಂತ ಮಾಸಲು ಬಣ್ಣ ಹಾಕಿದ್ದರೆ ಬಿಸಿಲು ಹೋಗಿಬಿಡುತ್ತಿತ್ತು. ಹಾಗಾಗಿ ನಾನು ಜಾಸ್ತಿ ಹೊತ್ತು ಕೂತು ಬಣ್ಣ ಹಾಕಿದ್ದು ಬಂಡೆಗೆ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಅನ್ನೋ ಕೆಂಪು ಕಂದು ಬಣ್ಣ ಬೆರೆಸಿದರೆ ಒಳ್ಳೆ ಕಪ್ಪು ಬರುತ್ತದೆ. ಅದನ್ನು ಮೂರು ಪದರ ಕೊಟ್ಟೆ, ಒಂದೊಂದೂ ಪೂರ್ತಿ ಒಣಗಿದ ಮೇಲೆ. ಬಂಡೆ ಕಪ್ಪಾದಷ್ಟೂ, ಮುಟ್ಟದೆ ಬಿಟ್ಟ ಪಂಚೆ ಬೆಳಗುತ್ತಾ ಬಂತು. ನೆರಿಗೆಗೆ ಅದೇ ಬಣ್ಣ, ಗಂಜಿ ತಿಳಿಯಷ್ಟು ನೀರು ಮಾಡಿ, ನೀಲಿ ಸ್ವಲ್ಪ ಜಾಸ್ತಿ. ಬಿಳಿ ಬಟ್ಟೆಯ ನೆರಳು ಬಿಸಿಲಲ್ಲಿ ನೀಲಿಗೇ ತಿರುಗುತ್ತದೆ, ಹಗ್ಗದ ಮೇಲೆ ಒಣಗಿದ ಪಂಚೆ ನೋಡಿ ಬೇಕಾದರೆ.

ಕೋಲು ಮಾತ್ರ ಬ್ಲೇಡಿನಿಂದ ಕೆರೆದದ್ದು. ಅಮೆರಿಕದ ವಿನ್ಸ್ಲೋ ಹೋಮರ್ 1890ರ ದಶಕದಲ್ಲಿ ಅಡಿರಾಂಡಾಕ್ ಕಾಡಿನ ಬೇಟೆಗಾರರನ್ನು ವಾಟರ್ ಕಲರ್‌ನಲ್ಲಿ ಬರೆದವನು. ಒಣಗಿದ ಬಣ್ಣ ಕೆರೆದು ಅಡಿಯ ಬಿಳಿ ತೆಗೆಯುವುದು ಅವನಿಗೂ ರೂಢಿಯಿತ್ತು. ಹಾಳೆ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪದ್ದಾದರೆ ತಡೆಯುತ್ತದೆ. ತೆಳು ಹಾಳೆಯಾದರೆ ತೂತು ಗ್ಯಾರಂಟಿ.

ಪಂಚೆಯ ಅಂಚಿನಲ್ಲಿ ಸಣ್ಣದೊಂದು ಕೆಂಪು ಕಲೆ ಇದೆ. ಬ್ರಷ್‌ನಿಂದ ಜಾರಿದ ಹನಿ. ಟಿಶ್ಯೂ ತರುವಷ್ಟರಲ್ಲಿ ಹಾಳೆ ಕುಡಿದುಬಿಟ್ಟಿತ್ತು. ಮೊನ್ನೆ ಬಂದ ನೆಂಟರೊಬ್ಬರು ಅದನ್ನೇ ತೋರಿಸಿ, "ನಮ್ಮ ಕಡೆ ಕೆಮ್ಮಣ್ಣು ಪಂಚೆಗೆ ಹತ್ತೋದು ಹೀಗೇನೆ, ಎಷ್ಟು ಚೆನ್ನಾಗಿ ಗಮನಿಸಿದ್ದೀರ" ಅಂದರು. ನಾನು ಸುಮ್ನೆ ಇನ್ನೊಂದು ಲೋಟ ಕಾಫಿ ತರಲು ಒಳಗೆ ಹೋದೆ.