ಮರಳನ್ನು ಅಳೆಯುವ ಮುನ್ನ ನದಿಯನ್ನು ಅಳೆಯಬೇಕು

ಬಾಗಲಕೋಟೆ ಜಿಲ್ಲೆಯಲ್ಲಿ ಇಳಕಲ್ಲಿನ ಕೆಂಪು ಗ್ರಾನೈಟ್, ಚಾಲುಕ್ಯರು ಗುಹಾಲಯಗಳನ್ನು ಕೊರೆದ ಬಾದಾಮಿಯ ಮರಳುಗಲ್ಲು, ಮಲಪ್ರಭೆ ಮತ್ತು ಘಟಪ್ರಭೆಯ ಮರಳು ಎಲ್ಲವೂ ಇವೆ. 2016ರ ಜನವರಿಯ ಕೇಂದ್ರ ಅಧಿಸೂಚನೆಯ ನಂತರ ಇಂಥ ಉಪಖನಿಜಗಳ ಗಣಿಗಾರಿಕೆಗೆ, ಜಿಲ್ಲೆಯಲ್ಲಿ ಯಾವ ಖನಿಜ ಎಲ್ಲಿ, ಎಷ್ಟಿದೆಯೆಂದು ದಾಖಲಿಸುವ ಜಿಲ್ಲಾ ಸಮೀಕ್ಷಾ ವರದಿಯೇ ಆಧಾರವಾಗಿದ್ದು, ಅದನ್ನು ಐದು ವರ್ಷಗಳಿಗೊಮ್ಮೆ ಪರಿಷ್ಕರಿಸಬೇಕು.

ಕಲ್ಲಿನ ನಿಕ್ಷೇಪವನ್ನು ಒಮ್ಮೆ ಅಂದಾಜಿಸಿದರೆ ಅದು ಬಹುಕಾಲ ಬದಲಾಗದು. ಆದರೆ ಮರಳು ಹರಿವಿನೊಂದಿಗೆ ಬಂದು ಸೇರುವ ವಸ್ತುವಾದ್ದರಿಂದ, ಮಳೆಗಾಲಕ್ಕೆ ಮುಂಚೆ ಮತ್ತು ಅನಂತರ ನದಿಪಾತ್ರದ ಅದೇ ಅಡ್ಡಸೀಳುಗಳ (ದಡದಿಂದ ದಡಕ್ಕೆ ಗುರುತಿಸಿದ ಅಡ್ಡಗೆರೆಗಳ) ಮಟ್ಟವನ್ನು ಅಳೆದು, ಎಷ್ಟು ಮರುತುಂಬಿದೆಯೆಂಬುದನ್ನು ಲೆಕ್ಕಹಾಕಬೇಕಾಗುತ್ತದೆ. ಮೇಲ್ಭಾಗದಲ್ಲಿ ಜಲಾಶಯಗಳಿರುವ ಈ ಎರಡೂ ನದಿಗಳಲ್ಲಿ ಈ ಅಳತೆ ಇನ್ನೂ ಮುಖ್ಯ, ಏಕೆಂದರೆ ಅಣೆಕಟ್ಟುಗಳು ಹೂಳಿನ ಜೊತೆಗೆ ಮರಳನ್ನೂ ತಡೆಯುತ್ತವೆ. ಉಪಗ್ರಹ ಚಿತ್ರವೊಂದನ್ನೇ ನಂಬಿ ಬರೆದ ವರದಿಯನ್ನು ನಾನು ಸಮೀಕ್ಷೆಯೆಂದು ಒಪ್ಪಲಾರೆ. ಸೇತುವೆ ಮತ್ತು ಕುಡಿಯುವ ನೀರಿನ ಸ್ಥಾವರಗಳ ಸಮೀಪದ ಪಾತ್ರವನ್ನಂತೂ ಗಣಿಗಾರಿಕೆಯಿಂದ ಹೊರಗಿಡಲೇಬೇಕು.